ನಮ್ಮ ವಿಮಾನ ಹಿಂದಕ್ಕೆ ಓಡಿದ ದಿನ

ಕಳೆದ ವಾರ, ಆಯುಧಪೂಜೆಯ ದಿನ, ನಾನು ವಿಮಾನ ಸ್ಟಾರ್ಟ್ ಮಾಡಿದೆ. ಅದು ಹಿಂದಕ್ಕೆ ಹೋಯಿತು.

ನಗಬೇಕಾ? ನಗಿ. ಅಂಜನಾಪುರದಲ್ಲಿ ನಮ್ಮ ಬಳಗವೆಲ್ಲ ಅವತ್ತೇ ನಕ್ಕಾಗಿದೆ.

ವಿಮಾನ ಅಂದರೆ ಏನೋ ಭಾರೀ ಅಂದುಕೊಳ್ಳಬೇಡಿ. ಅಲ್ಯೂಮಿನಿಯಂ ಪೈಪು, ಬಟ್ಟೆ ಹೊದಿಸಿದ ರೆಕ್ಕೆ, ಒಂದೇ ಸೀಟು, ಮೂತಿಗೊಂದು ಮರದ ಫ್ಯಾನು. ಅದನ್ನು ತಿರುಗಿಸುವುದು ಹಳೇ ಬೈಕಿನ ಎಂಜಿನ್. (ಹುಬ್ಬೇರಿಸಬೇಡಿ. ಹಗುರ, ಗಟ್ಟಿಮುಟ್ಟು, ಬಿಡಿಭಾಗ ಜೆ.ಸಿ. ರೋಡಿನಲ್ಲೇ ಸಿಗುತ್ತದೆ. ಹೀಗೇ ಕಟ್ಟಿಕೊಂಡು ಹಾರಿದವರು ಬೇಕಾದಷ್ಟು ಜನ ಇದ್ದಾರೆ.) ಕಟ್ಟುತ್ತಿರುವವರು ಇಬ್ಬರು: ಐವತ್ತೆರಡರ ನಾನು, ಮತ್ತೆ ಸುಬ್ರಹ್ಮಣ್ಯಪುರದಲ್ಲಿ ಟೂ ವೀಲರ್ ಗ್ಯಾರೇಜ್ ಇಟ್ಟಿರುವ ಶಿವಣ್ಣ. ಮೂರು ವರ್ಷದ ಭಾನುವಾರಗಳೆಲ್ಲ ಇದಕ್ಕೇ ಹೋಗಿವೆ.

ವಿಮಾನ ಇದ್ದದ್ದು ಅಂಜನಾಪುರದಲ್ಲಿ, ನನ್ನ ಅಕ್ಕನ ಗಂಡನ ಶೆಡ್ಡಿನಲ್ಲಿ. ಭಾವನಿಗೂ ಸಾಕಾಗಿತ್ತು. "ನೋಡಮ್ಮ, ಆಯುಧಪೂಜೆ ದಿನ ಎಲ್ಲಾರ ಮುಂದೆ ಹತ್ತಡಿ ಓಡ್ಸಿ ತೋರ್ಸು, ಶೆಡ್ ಇಟ್ಕೋ. ಇಲ್ಲಾಂದ್ರೆ ಗುಜರಿಗೆ ಹಾಕಿ ಜಾಗ ಖಾಲಿ ಮಾಡು" ಅಂದರು.

ಹತ್ತಡಿ ತಾನೇ? ಆಗಲಿ ಅಂದೆ.

ಹಬ್ಬದ ಹಿಂದಿನ ಭಾನುವಾರ ಶಿವಣ್ಣನಿಗೊಂದು ಐಡಿಯಾ ಬಂತು. ಎಂಜಿನ್‌ನಿಂದ ಫ್ಯಾನಿಗೆ ಹಾಕಿದ್ದ ಚೈನು ಪದೇ ಪದೇ ಜಾರುತ್ತಿತ್ತು. "ಅಕ್ಕ, ಚೈನ್ ಕಿತ್ತಾಕಿ ಗೇರ್ ಕೂರ್ಸ್‌ಬಿಡಣ, ಸಖತ್ತಾಗಿರುತ್ತೆ" ಅಂದ. ಕೂರಿಸಿದೆವು. ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂದರೆ ನನ್ನ ಅಕ್ಕ ಅಡ್ಡ ನಿಂತಳು. "ಹೊಸದು ಹಾಕಿದೀರ. ಪೂಜೆಗೆ ಮುಂಚೆ ಮುಟ್ಟಂಗಿಲ್ಲ!" ನಾವೂ ಸುಮ್ಮನಾದೆವು. ಎಂಥ ದಡ್ಡರು ನೋಡಿ.

ಹಬ್ಬದ ದಿನ ವಿಮಾನವನ್ನು ತಳ್ಳಿ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಚೆಂಡುಹೂವಿನ ಹಾರ, ಅರಿಶಿನ ಕುಂಕುಮ, ಕುಂಬಳಕಾಯಿ ಎಲ್ಲ ಆಯಿತು. ಚಕ್ರದ ಮುಂದೆ ನಿಂಬೆಹಣ್ಣು ಇಟ್ಟೆವು. ಹಗ್ಗ ಕಟ್ಟಿ ಎಲ್ಲರನ್ನೂ ದೂರ ನಿಲ್ಲಿಸಿದೆವು. ಭಾವ ವಿಮಾನದ ಮೂತಿಗೆ ನೇರ ಎದುರಾಗಿ, ಹಗ್ಗದಾಚೆ, ಕಡ್ಲೆಪುರಿ ತಟ್ಟೆ ಹಿಡಿದು ನಿಂತಿದ್ದರು. ನಾನು ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದೆ. ಎಂಜಿನ್ ಗುಡುಗಿತು. ಆಕ್ಸಿಲರೇಟರ್ ಕೊಟ್ಟೆ.

ಹಿಂದಕ್ಕೆ ಬೀಸಬೇಕಾದ ಗಾಳಿ ಮುಂದಕ್ಕೆ ಬೀಸಿತು. ಅಷ್ಟೂ ಕಡ್ಲೆಪುರಿ ಭಾವನ ಮುಖಕ್ಕೆ! ವಿಮಾನ ಆರಡಿ ಹಿಂದೆ ಸರಿದು, ಬಾಲದಿಂದ ಶೆಡ್ಡಿನ ಗೋಡೆಗೆ ಗುದ್ದಿ ನಿಂತಿತು. ನಿಂಬೆಹಣ್ಣು ಇಟ್ಟಲ್ಲೇ ಇತ್ತು.

ಚೈನು ಹಾಕಿದರೆ ಎರಡೂ ಹಲ್ಲುಚಕ್ರ ಒಂದೇ ಕಡೆ ತಿರುಗುತ್ತವೆ. ಹಲ್ಲಿಗೆ ಹಲ್ಲು ಕಚ್ಚಿಸಿದರೆ ಒಂದಕ್ಕೊಂದು ಎದುರು ತಿರುಗುತ್ತವೆ. ಹಾಗಾಗಿ ಫ್ಯಾನು ಉಲ್ಟಾ ಸುತ್ತಿತ್ತು. ಮೂವತ್ತು ವರ್ಷ ಬೈಕುಗಳ ಚೈನು ಬಿಗಿ ಮಾಡಿದ ಮನುಷ್ಯನಿಗೆ ಇದು ಹೊಳೆಯಲೇ ಇಲ್ಲ. ನನಗೂ ಅಷ್ಟೇ.

"ರಿವರ್ಸ್ ಗೇರ್ ಸೂಪರ್ ಕಣೇ!" ಅಂದ ಚಿಕ್ಕಪ್ಪನ ಮಗ. "ದೇವ್ರೇ ಬೇಡ ಅಂತಿದಾನೆ" ಅಂದರು ಅತ್ತೆ. ಭಾವ ಮುಖ ಒರೆಸಿಕೊಂಡು, "ಮುಗೀತಲ್ಲ? ಖಾಲಿ ಮಾಡು" ಅಂದರು.

ಅದೆಲ್ಲ ತಡೆದುಕೊಂಡೆ. ಆದರೆ ಶಿವಣ್ಣ ಹತ್ತಿರ ಬಂದು, "ಅಕ್ಕ, ಬಿಟ್ಬಿಡಣ. ನಂದೇ ತಪ್ಪು. ಗುಜರಿಯವ್ನಿಗೆ ನಾನೇ ಫೋನ್ ಮಾಡ್ತೀನಿ" ಅಂದ. ಅವನ ಕಣ್ಣು ತುಂಬಿತ್ತು.

ನನಗೆ ಮೈಯೆಲ್ಲ ಉರಿಯಿತು. ಮೂರು ವರ್ಷದಿಂದ ಎಲ್ಲರದೂ ಒಂದೇ ಪ್ರಶ್ನೆ: ಇದರಿಂದ ಏನು ಉಪಯೋಗ? ಪ್ರತಿ ಶನಿವಾರ ಮಾಲ್ ಸುತ್ತುವವರನ್ನು ಯಾರಾದರೂ ಹೀಗೆ ಕೇಳುತ್ತಾರಾ? ಬನಶಂಕರಿ ಸಿಗ್ನಲ್ಲಿನಲ್ಲಿ ಮೊಬೈಲ್ ಉಜ್ಜುತ್ತಾ ಕೂತವರನ್ನು? ಈ ವಯಸ್ಸಿನ ಹೆಂಗಸು ಸಂಜೆಯೆಲ್ಲ ಸೀರಿಯಲ್ ನೋಡಿದರೆ ಯಾರಿಗೂ ತೊಂದರೆಯಿಲ್ಲ. ಸ್ಪ್ಯಾನರ್ ಹಿಡಿದರೆ ಮಾತ್ರ ಮನೆಮಂದಿಯೆಲ್ಲ ಮೀಟಿಂಗ್! (ಹಾರಿಸಲು ಸರ್ಕಾರದ ಅನುಮತಿ ಬೇಕು, ಗೊತ್ತು. ಅದಿಲ್ಲದೆ ನೆಲ ಬಿಡುವುದಿಲ್ಲ. ಆ ಕಚೇರಿಗಳನ್ನೂ ಅಲೆಯುತ್ತೇನೆ.)

"ಶಿವಣ್ಣ, ಕಣ್ಣೊರೆಸ್ಕೊಂಡು ರೆಕ್ಕೆ ಬಿಚ್ಚು" ಅಂದೆ. ಟೆಂಪೋ ತರಿಸಿದೆವು. ಸಂಜೆಯೊಳಗೆ ಕುಮಾರಸ್ವಾಮಿ ಲೇಔಟಿನ ನಮ್ಮ ಮನೆ ಮುಂದೆ ಕಾರು ಬೀದಿಗೆ ಬಂತು, ವಿಮಾನ ಪೋರ್ಟಿಕೋಗೆ ಹೋಯಿತು.

ಎದುರುಮನೆ ಅಂಕಲ್ ಗೇಟಿಗೇ ಬಂದರು. "ಏನಮ್ಮ ಇದು?"

"ವಿಮಾನ ಅಂಕಲ್."

"ಹಾರತ್ತಾ?"

"ಸದ್ಯಕ್ಕೆ ಹಿಂದಕ್ಕೆ ಹೋಗುತ್ತೆ" ಅಂದೆ. ಬೆಳಗ್ಗಿನಿಂದ ಮುಖ ಎತ್ತದ ಶಿವಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಾನೇ ಗೇರ್ ಬಿಚ್ಚಲು ಕೂತ.

ಮೂರು ವರ್ಷ ಮೈಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ನಾವಿಬ್ಬರು ಕದಲಿದ್ದು ಆರೇ ಅಡಿ, ಅದೂ ತಪ್ಪು ದಿಕ್ಕಿಗೆ. ಹಗ್ಗದಾಚೆ ನಿಂತು ನಕ್ಕಿರಲ್ಲ, ನೀವು ಎಷ್ಟು ಕದಲಿದಿರಿ?