ಲಾಂಡ್ರಿ ರೂಮಿನ ಹಿಂದಿನ ದೇಶ

ಅಪ್ಪಂದಿರು ಬೆಳಿಗ್ಗೆಯೇ ಆಫೀಸಿಗೆ ಹೋಗಿ, ಕೆಲಸ ಮಾಡಲು ವೀಸಾ ಬಿಡದ ಅಮ್ಮಂದಿರೆಲ್ಲ ಒಬ್ಬರ ಅಡುಗೆಮನೆಯಲ್ಲಿ ಸೇರುತ್ತಿದ್ದ ಕಾಲ ಅದು. ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನ ಐದು ಕನ್ನಡದ ಮಕ್ಕಳಿಗೆ ಬೇಸಿಗೆ ರಜೆಯೆಂದರೆ ಲಾಂಡ್ರಿ ರೂಮಿನ ಹಿಂದಿನ ಜಾಗ. ಡ್ರೈಯರಿನ ಬಿಸಿಗಾಳಿ ಸೋಪಿನ ವಾಸನೆ ಹೊತ್ತು ಅಲ್ಲಿಗೇ ಬೀಸುತ್ತಿತ್ತು. ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದನ್ನು ನಮ್ಮ ದೇಶ ಮಾಡಿದವಳು ಶುಭಕ್ಕ. ಮಂಡ್ಯದ ಕಡೆಯವಳು, ಹನ್ನೆರಡು ವರ್ಷ. ನನಗೆ ಒಂಬತ್ತು.

ಕುಂಟೆಬಿಲ್ಲೆ ಆಡಿದ ಮೇಲೆ ಶುಭಕ್ಕ ಚಿಗಳಿ ಹಂಚುತ್ತಿದ್ದಳು. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಮೆಣಸಿನಕಾಯಿ ಕುಟ್ಟಿ ಅವಳಮ್ಮ ಮಾಡಿದ್ದು. ಹೇಳಿದ ಹಾಗೆ ಕೇಳಿದವರಿಗೆ ದೊಡ್ಡ ಉಂಡೆ. ಈಜುಕೊಳದ ಆಚೆ ಬೇರೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ನಾವು ಅತ್ತ ಹೋಗುವಂತಿರಲಿಲ್ಲ.

"ಅವ್ರು ನಮ್ಮನ್ನ ಏನಂತಾರೆ ಗೊತ್ತಾ? ಒಗ್ಗರಣೆ ವಾಸ್ನೆ ಅಂತಾರೆ. ನಾನಿದೀನಿ ಅಂತ ನಿಮ್ಮ ತಂಟೆಗೆ ಬರಲ್ಲ ಅಷ್ಟೆ," ಎನ್ನುತ್ತಿದ್ದಳು ಶುಭಕ್ಕ. ಅವರು ಹಾಗಂದದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಗಡಿ ಕಾಯುವ ಕೆಲಸ ನನಗೆ ಕೊಟ್ಟಳು. ಮನೆಯಲ್ಲಿ ನಾನು ತಮ್ಮನಿಗೆ ಡೈಪರ್ ತಂದುಕೊಡುವವಳು, ಇಲ್ಲಿ ಸೆಕ್ಯುರಿಟಿ! ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ನಮ್ಮ ಐವರಲ್ಲಿ ಮೇಘಾ ನನ್ನ ಜೀವದ ಗೆಳತಿ. ಹಾಸನದಿಂದ ಬಂದು ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನೋಡಿದರೆ, ಈಜುಕೊಳದ ಆಚೆ ಯಾರೋ ಹುಡುಗಿಯ ಸೈಕಲ್ ಏರಿ, ಬಿದ್ದು, ನಗುತ್ತಿದ್ದಾಳೆ.

"ಬಾರೆ, ಒಳ್ಳೇವ್ರು ಕಣೆ ಇವ್ರು!" ಎಂದು ಕೂಗಿದಳು.

ನಾನು ನೆಟ್ಟಗೆ ಶುಭಕ್ಕನ ಹತ್ತಿರ ಹೋಗಿ ಹೇಳಿದೆ. ಹೇಳು ಅಂತ ಯಾರೂ ಅಂದಿರಲಿಲ್ಲ.

"ಇನ್ಮೇಲೆ ಅವಳ ಜೊತೆ ಯಾರೂ ಮಾತಾಡ್ಬಾರ್ದು. ಆಯ್ತಾ?"

"ಆಯ್ತು ಶುಭಕ್ಕ." ನನ್ನ ದನಿಯೇ ಎಲ್ಲರಿಗಿಂತ ಜೋರು. ಅವತ್ತು ನನಗೆ ಎರಡು ಉಂಡೆ.

ಮೇಘಾ ಸೈಕಲ್ ಬಿಟ್ಟು ದಿನವೂ ಗೆರೆಯ ಹೊರಗೆ ಬಂದು ನಿಲ್ಲುತ್ತಿದ್ದಳು. "ನಾನೇನ್ ಮಾಡ್ದೆ ಹೇಳೇ, ಪ್ಲೀಸ್." ನಾನು ಬಿಲ್ಲೆ ಎಸೆದು ಕುಂಟುತ್ತಿದ್ದೆ.

ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ರಜೆ ಮುಗಿಯುವ ಮೊದಲೇ ಮೇಘಾಳ ಅಪ್ಪನ ಕೆಲಸ ಹೋಯಿತು. ಕೆಲಸದ ಜೊತೆ ವೀಸಾವೂ ಹೋಗಿ, ವಾರದೊಳಗೆ ಊರಿಗೆ ಹೊರಟರು. ಕಾರಿನ ಕಿಟಕಿಯಿಂದ ಅವಳು ನನ್ನತ್ತ ಕೈಯೆತ್ತಿದಳು. ನಾನು ಮೊದಲು ಶುಭಕ್ಕನ ಮುಖ ನೋಡಿದೆ. ಶುಭಕ್ಕ ಅಳುತ್ತಾ ಕೈಬೀಸುತ್ತಿದ್ದಳು. ನಾನು ತಿರುಗಿ ಕೈ ಎತ್ತುವಷ್ಟರಲ್ಲಿ ಕಾರು ಗೇಟು ದಾಟಿತ್ತು.

ಮೊನ್ನೆ ಟೀವಿಯಲ್ಲಿ, ಹೊರಗಿನವರನ್ನು ಒಳಗೆ ಬಿಡದ ದೇಶವೊಂದರ ಜನ ತಮ್ಮ ನಾಯಕನನ್ನು ಕಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. "ಪಾಪ, ಎಲ್ಲ ಹೆದರಿಕೆಗೆ," ಎಂದರು ನಮ್ಮ ಮನೆಯವರು. ನಾನು ಹೆದರಿಕೆಗೆ ಹಾಗೆ ಮಾಡಿದ್ದರೆ ಅದು ಇಷ್ಟು ವರ್ಷ ಕೊರೆಯುತ್ತಿರಲಿಲ್ಲ. ನಾನು ಆ ಬೇಸಿಗೆ ಖುಷಿಯಾಗಿದ್ದೆ.

ಹುಡುಕೋಣವೆಂದರೆ ಮೇಘಾಳ ಪೂರ್ತಿ ಹೆಸರೂ ಗೊತ್ತಿಲ್ಲ. ಮಗಳು ಕೇಳುತ್ತಾಳೆ, "ಅಮ್ಮಾ, ಚಿಕ್ಕವಳಿದ್ದಾಗ ಯುವರ್ ಬೆಸ್ಟ್ ಫ್ರೆಂಡ್ ಯಾರು?"

"ಶುಭಕ್ಕ ಅಂತ ಒಬ್ಬಳಿದ್ದಳು," ಎನ್ನುತ್ತೇನೆ.