ಜೀವಿತಾ ಖಾಲಿ ಬಿಟ್ಟ ಜಾಗ

ಜೀವಿತಾ ಹುಟ್ಟಿ ಬೆಳೆದದ್ದು ಊಟಿಯ ಕಡೆಯ ಕಟ್ಟಬೆಟ್ಟಿನ ಪಕ್ಕದ ಒಂದು ಪುಟ್ಟ ಹಟ್ಟಿಯಲ್ಲಿ, ಚಹಾ ಗಿಡಗಳ ನಡುವೆ. ಮಂಜು ಕವಿದು ಬಿಸಿಲೇ ಕಾಣದಿದ್ದರೆ ಎಳೆ ಚಿಗುರಿನ ಮೇಲೆ ಗುಳ್ಳೆ ಏಳುತ್ತಿತ್ತು. ಅದೊಂದು ಶಿಲೀಂಧ್ರದ ಕಾಟ. ಗುಳ್ಳೆ ಬಿದ್ದ ಎಲೆಯನ್ನು ಫ್ಯಾಕ್ಟರಿಯವರು ಮುಟ್ಟುತ್ತಿರಲಿಲ್ಲ. ಊಟಿಯ ಕಾಲೇಜೊಂದರಲ್ಲಿ ಪಿಎಚ್‌ಡಿಗೆ ಸೇರಿದಾಗ ಅವಳು ಆರಿಸಿಕೊಂಡದ್ದು ಆ ಶಿಲೀಂಧ್ರದ್ದೇ ಒಂದು ಪ್ರೋಟೀನನ್ನು. ಅದರ ಆಕಾರ ತಿಳಿದರೆ ಅದನ್ನು ಕಟ್ಟಿಹಾಕುವ ಮದ್ದನ್ನೂ ಹುಡುಕಬಹುದೆಂಬ ಆಸೆ.

ಅವಳ ಗೈಡ್ ಧರ್ಮಲಿಂಗಂ ಕೆಟ್ಟವರಲ್ಲ. ಪ್ರೋಟೀನು ಹರಳುಗಟ್ಟದೆ ವರ್ಷಗಟ್ಟಲೆ ಸತಾಯಿಸಿದಾಗ ಒಂದು ದಿನವೂ ಗದರಿರಲಿಲ್ಲ. ಕೊನೆಗೆ ಪ್ರೋಟೀನಿಗೆ ಅಂಟಿಕೊಂಡೀತೆಂದು ಆರಿಸಿದ ಮದ್ದೊಂದರ ನೀರಲ್ಲಿ ನೆನೆಸಿದ ಹರಳುಗಳನ್ನು ಇಂದೋರಿನ ದೊಡ್ಡ ಯಂತ್ರಕ್ಕೆ ಒಯ್ದು ಎಕ್ಸ್‌-ರೇ ಹಾಯಿಸಿ, ಅಳತೆಗಳನ್ನು ತಂದವರೂ ಅವರೇ. ಆ ಸಂಭ್ರಮದಲ್ಲಿ, ಆ ಅಳತೆಯಿಂದ ಆಕಾರ ಕಟ್ಟುವ ಲೆಕ್ಕ ಪೂರ್ತಿ ಮುಗಿಯುವ ಮೊದಲೇ, ಸಣ್ಣ ಬೆಳೆಗಾರರ ಸಭೆಯಲ್ಲಿ ಗುಳ್ಳೆ ರೋಗಕ್ಕೆ ಮದ್ದು ಸಿಕ್ಕಿತೆಂದು ಹೇಳಿಬಿಟ್ಟರು. ಸಭೆಯಲ್ಲಿ ಜೀವಿತಾಳ ತಾಯಿ ವಸಂತಾಮಣಿಯೂ ಇದ್ದಳು. ಸಂಜೆಯೊಳಗೆ ಸುದ್ದಿ ಹಟ್ಟಿಯ ತುಂಬ ಹರಡಿತು.

ಲೆಕ್ಕ ಮುಗಿದಾಗ ಪ್ರೋಟೀನಿನ ಆಕಾರ ಕಂಪ್ಯೂಟರಿನಲ್ಲಿ ಸ್ಫುಟವಾಗಿ ಮೂಡಿತು. ಮದ್ದು ಕೂರಬೇಕಾದ ಜಾಗದಲ್ಲಿ ಮಾತ್ರ ನೀರಿನ ಒಂದೆರಡು ಕಣಗಳಲ್ಲದೆ ಏನೂ ಇರಲಿಲ್ಲ. ಜೀವಿತಾ ಬೇರೆ ಹರಳುಗಳ ಅಳತೆಯನ್ನೂ ಜಾಲಾಡಿದಳು. ಅಲ್ಲೂ ಅದೇ, ಮದ್ದು ಅಂಟಿಕೊಂಡೇ ಇರಲಿಲ್ಲ.

ಇಂಥ ರಚನೆಯನ್ನು ಲೇಖನವಾಗಿ ಅಚ್ಚು ಹಾಕಿಸುವ ಮೊದಲು ಜಗತ್ತಿಗೆಲ್ಲ ತೆರೆದಿರುವ ಸಂಗ್ರಹವೊಂದಕ್ಕೆ ಸೇರಿಸಬೇಕು. ಯಾವ ಪರಮಾಣು ಎಲ್ಲಿದೆ ಎಂಬುದಷ್ಟನ್ನೇ ಕೊಟ್ಟರೆ ಸಾಲದು, ಎಕ್ಸ್‌-ರೇಯಿಂದ ಬಂದ ಮೂಲ ಅಳತೆಯನ್ನೂ ಜೊತೆಗಿಡಬೇಕು. ಸಂಗ್ರಹದವರು ಎರಡನ್ನೂ ತಾಳೆ ನೋಡಿ, ಹೊಂದದ ಕಡೆಯನ್ನು ಎತ್ತಿ ತೋರಿಸುತ್ತಾರೆ. ಆ ವರದಿಯೂ ಎಲ್ಲರ ಕಣ್ಣಿಗೆ ಬೀಳುತ್ತದೆ.

ಧರ್ಮಲಿಂಗಂ ಪರದೆಯ ಮೇಲಿನ ಖಾಲಿ ಜಾಗಕ್ಕೆ ಬೆರಳಿಟ್ಟರು. ಮದ್ದನ್ನು ಆ ಜಾಗದಲ್ಲಿ ಕೂರಿಸಿ ಕಳಿಸು ಎಂದರು.

"ಅಳತೆಯಲ್ಲಿ ಇಲ್ಲ ಸಾರ್. ಯಾರು ತೆರೆದು ನೋಡಿದರೂ ಗೊತ್ತಾಗುತ್ತೆ."

"ಯಾರು ನೋಡ್ತಾರಮ್ಮಾ? ನಾನು ಅಷ್ಟು ಜನರ ಮುಂದೆ ಹೇಳಿಬಿಟ್ಟಿದ್ದೀನಿ."

ಅವರನ್ನು ಬಿಟ್ಟು ತಾನೇ ಕಳಿಸುವಂತಿರಲಿಲ್ಲ. ಸಂಶೋಧನೆಯ ಮುಖ್ಯಸ್ಥರ ಹೆಸರು, ಒಪ್ಪಿಗೆ ಎರಡೂ ಬೇಕು. ಗೈಡ್ ಬದಲಿಸಿದರೆ ಕೆಲಸವೆಲ್ಲ ಮೊದಲಿನಿಂದ. ಬಿಟ್ಟು ಹೋದರೆ ಇಷ್ಟು ವರ್ಷ ಮಣ್ಣುಪಾಲು. ಒಪ್ಪಿಕೊಂಡರೆ ಆ ಸುಳ್ಳಿನ ಮೇಲೆ ಅವಳ ಹೆಸರೇ ಮೊದಲು ನಿಲ್ಲುತ್ತದೆ, ಅದನ್ನು ನಂಬಿ ಇನ್ನಾರೋ ಮದ್ದು ಮಾಡಹೊರಡುತ್ತಾರೆ. ಲ್ಯಾಬಿನ ಬಾಗಿಲು ತೆರೆದೇ ಇತ್ತು, ಆದರೂ ಅವಳಿಗೆ ಹೊರದಾರಿ ಕಾಣಲಿಲ್ಲ.

ಭಾನುವಾರ ಮನೆಗೆ ಹೋದಾಗ ನೆರೆಮನೆಯ ನಂಜುಂಡನ್ ದಾರಿಯಲ್ಲೇ ನಿಲ್ಲಿಸಿ, ಮದ್ದು ಮಳೆಗೆ ಮುಂಚೆ ಬರುತ್ತದೆಯೇ ಎಂದು ಕೇಳಿದರು. ಅವಳು ಬೇಗ ಬೇಗ ಮನೆಯತ್ತ ಹೆಜ್ಜೆ ಹಾಕಿದಳು. ಒಳಗೆ ಬಂದವಳೇ ತಾಯಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು.

ವಸಂತಾಮಣಿಗೆ ಮೊದಲು ಬಂದದ್ದು ಸಿಟ್ಟು. "ಹಟ್ಟಿಗೆಲ್ಲಾ ಹೇಳಿಬುಟ್ಟೆ ನಾನು. ಈಗ ಯಾವ ಮುಖ ಇಟ್ಕೊಂಡು ಹೋಗಲಿ?" ಎಂದು ಒಲೆಯ ಕಡೆ ತಿರುಗಿ ಕೂತಳು. ಮಗಳು ಊಟ ಮಾಡದೆ ಮಲಗಿದಳು. ಮರುದಿನ ಬೆಳಿಗ್ಗೆ ತಾಯಿ ಶಾಲು ಹೊದ್ದು ಮನೆಮನೆಗೂ ಹೋಗಿ, ಮದ್ದು ಇನ್ನೂ ಸಿಕ್ಕಿಲ್ಲವೆಂದು ಹೇಳಿ ಬಂದಳು. ಕೆಲವರು ನಕ್ಕರಂತೆ. ಯಾರೆಂದು ಅವಳು ಹೇಳಲಿಲ್ಲ.

ಜೀವಿತಾ ಊಟಿಗೆ ಮರಳಿ ಗೈಡ್ ಎದುರು ನಿಂತಳು. ಪ್ರೋಟೀನನ್ನು ಇದ್ದ ಹಾಗೇ, ಜಾಗ ಖಾಲಿ ಬಿಟ್ಟು ಕೊಡೋಣ, ಅದರ ಆಕಾರವನ್ನು ಈವರೆಗೆ ಯಾರೂ ಕಂಡಿಲ್ಲವಲ್ಲ ಎಂದಳು. ಅವರು ಒಪ್ಪಲಿಲ್ಲ. ಅವಳೂ ಜಗ್ಗಲಿಲ್ಲ. ಮಳೆಗಾಲ ಪೂರ್ತಿ ಇಬ್ಬರೂ ಒಂದೇ ಲ್ಯಾಬಿನಲ್ಲಿ ಮಾತಿಲ್ಲದೆ ಕೆಲಸ ಮಾಡಿದರು. ಬೇರೆ ಊರಿನವರು ಅದೇ ಪ್ರೋಟೀನಿನ ಹಿಂದೆ ಬಿದ್ದಿದ್ದಾರೆ, ತಮಗಿಂತ ಮೊದಲೇ ಪ್ರಕಟಿಸಿಯಾರು ಎಂಬ ಸುದ್ದಿ ಬಂದ ಮೇಲೆ ಧರ್ಮಲಿಂಗಂ ಅವಳ ಮುಖ ನೋಡದೆ, "ಇದ್ದ ಹಾಗೇ ಕಳಿಸು" ಎಂದರು.

ರಚನೆ ಸಂಗ್ರಹಕ್ಕೆ ಸೇರಿತು, ಗುರುತಿನ ಸಂಖ್ಯೆಯೂ ಬಂತು. ಆದರೆ ಮದ್ದಿಲ್ಲದ ಅವಳ ಪಿಎಚ್‌ಡಿ ಪ್ರಬಂಧಕ್ಕೆ ಇನ್ನಷ್ಟು ಕೆಲಸ ಬೇಕೆಂದು ಗೈಡ್ ಸಹಿಯನ್ನು ಮುಂದೂಡುತ್ತಲೇ ಇದ್ದಾರೆ. ಜೊತೆಗೆ ಸೇರಿದವರೆಲ್ಲ ಡಾಕ್ಟರೇಟ್ ಪಡೆದು ಹೋದರು. ಜೀವಿತಾ ಬೆಳಿಗ್ಗೆ ಎಂದಿನಂತೆ ಲ್ಯಾಬಿಗೆ ಬರುತ್ತಾಳೆ, ಹೊಸ ಹರಳಿಗೆ ದ್ರಾವಣ ಕಲಸುತ್ತಾಳೆ, ಪಕ್ಕದ ಗೈಡ್ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾದರೆ, ಸಹಿಗೆ ಕರೆದಾರೇನೋ ಎಂದು ಕೈ ನಿಲ್ಲಿಸಿ ಕಿವಿಗೊಡುತ್ತಾಳೆ.