ಲೀ ರಾಯರ ವಂಶಾವಳಿ

ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಮೊನ್ನೆ ಎಳ್ಳೆಣ್ಣೆಗೆ ಶುಂಠಿ ಬಿದ್ದ ವಾಸನೆ ಬಂತು. ಯಾರೋ ಹೊಸಬರು ಬಂದಿರಬೇಕು. ನನಗೆ ಮಾತ್ರ ಲೀ ರಾಯರು ನೆನಪಾದರು. ರಾಯರೆಂದರೆ ಮೈಸೂರಿನವರಲ್ಲ, ಎರಡು ಸಾವಿರದ ಐದೋ ಆರೋ ಇಸವಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಚೀನಾದ ಇಂಜಿನಿಯರು. 'ರಾಯರು' ಅಮ್ಮ ಕೊಟ್ಟ ಬಿರುದು.

ಆ ವರ್ಷ ಅಮ್ಮ ಮಸ್ಕತ್ತಿಗೆ ಬಂದದ್ದು ಸಮುದ್ರ ನೋಡಲು ಅಲ್ಲ, ಒಂದು ಮದುವೆ ನಿಲ್ಲಿಸಲು. ಇಲ್ಲೇ ಪಕ್ಕದ ರೂವಿಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ರಘು ತನ್ನ ಆಫೀಸಿನ ಸುಧಾಳನ್ನೇ ಮದುವೆಯಾಗುತ್ತೇನೆ ಎಂದಿದ್ದ. ಹುಡುಗಿ ಹಾಸನದ ಕಡೆಯವಳು, ನಮ್ಮವಳೇ. ಆದರೆ ಇಬ್ಬರದೂ ಒಂದೇ ಗೋತ್ರ.

"ತಂಗಿ ಆಗ್ಬೇಕು ಕಣೋ ಅವಳು ನಿಂಗೆ."

"ಯಾವ ಕಾಲದ ಋಷಿನಮ್ಮಾ ಅವನು?"

"ಋಷಿಗೆ ಕಾಲ ಇರತ್ತೇನೋ?"

"ಖಲಾಸ್, ಬಿಡಮ್ಮ," ಎಂದು ರಘು ಮಾತು ಬಿಟ್ಟ. ಅಮ್ಮನೂ ಬಿಟ್ಟಳು. ಅಲ್ಲಿಂದ "ಮೊಸರು ಬೇಕೇನು ಕೇಳೇ ಅವನನ್ನ" ಎಂಬುದೂ ನನ್ನ ಮೂಲಕವೇ ಆಗಬೇಕಾಯಿತು.

ಹೀಗಿರುವಾಗ ಒಂದು ಶುಕ್ರವಾರ, ರಘುವೂ ಮನೆಯಲ್ಲಿದ್ದಾಗ, ಲೀ ದಂಪತಿ ಕಾಫಿಗೆ ಬಂದರು. ಹೆಂಡತಿಯದೂ ಹುಟ್ಟಿನಿಂದಲೇ ಲೀ ಮನೆತನ ಎಂದು ಮಾತಿನ ನಡುವೆ ಹೊರಬಿತ್ತು. ನಾನು ಅದನ್ನು ಕನ್ನಡಕ್ಕೆ ತಂದದ್ದೇ ತಡ, ಅಮ್ಮ ಚಕ್ಕುಲಿ ತಟ್ಟೆ ಕೆಳಗಿಟ್ಟಳು.

"ನಿಮ್ಮ ಹಿರಿಯರು ಹೇಗೆ ಒಪ್ಪಿದ್ರು ರಾಯರೇ?"

ಒಂದೇ ಮನೆತನದ ಹೆಸರಿನವರು ಮದುವೆಯಾಗಬಾರದೆಂಬ ಹಳೆಯ ಕಟ್ಟಳೆ ಅವರಲ್ಲೂ ಇದೆಯಂತೆ. ಅವರ ಅಜ್ಜಿಯೂ ಊಟ ಬಿಟ್ಟು ಕೂತಿದ್ದರಂತೆ. ಆಮೇಲೆ ರಾಯರು ವಂಶಾವಳಿ ಬಿಚ್ಚಿದರು. ಇತಿಹಾಸದಲ್ಲಿ ಎಂ.ಎ. ಮಾಡಿ ಮಸ್ಕತ್ತಿನಲ್ಲಿ ಹುಳಿ ಕುದಿಸುತ್ತಿದ್ದವಳಿಗೆ ಅರಸರು ಸಿಕ್ಕರೆ ಬಿಡುತ್ತಾಳೆಯೇ, ನೀವೇ ಹೇಳಿ. ಉತ್ಸಾಹದಿಂದ ಅನುವಾದಿಸಿದೆ. ಸಾಮ್ರಾಜ್ಯ ಕಟ್ಟಿದ ಲೀ, ಎಮ್ಮೆಯೇರಿ ಊರು ಬಿಟ್ಟ ಜ್ಞಾನಿ ಲೀ, ಹೊಳೆಯನ್ನು ಸೀಳಿ ಗದ್ದೆಗೆ ಹರಿಸಿದ ಲೀ, ನಾರುಬೇರುಗಳನ್ನು ತಿಂದು ನೋಡಿ ವೈದ್ಯಗ್ರಂಥ ಬರೆದ ಲೀ, ಕುಡಿದು ನೀರಿನೊಳಗಿನ ಚಂದ್ರನನ್ನು ಅಪ್ಪಿಕೊಳ್ಳಹೋದ ಕವಿ ಲೀ.

"ಕುಡುಕನ್ನೂ ಬಿಡದೆ ಸೇರಿಸ್ಕೋತಾರಲ್ಲ," ಎಂದಳು ಅಮ್ಮ, ಮೆಚ್ಚುಗೆಯಿಂದಲೇ.

ಆದರೆ ಇವರೆಲ್ಲ ಒಂದೇ ರಕ್ತದವರಲ್ಲ. ಲೀ ಅರಸರು ತಮಗಾಗಿ ಯುದ್ಧ ಗೆದ್ದ ದಳಪತಿಗಳಿಗೆ, ಪರದೇಶದವರಿಗೂ, ಮೆಚ್ಚಿ ತಮ್ಮ ಮನೆತನದ ಹೆಸರನ್ನೇ ಕೊಟ್ಟುಬಿಡುತ್ತಿದ್ದರಂತೆ.

ಅಮ್ಮ ಚಕ್ಕುಲಿಯನ್ನು ತಿನ್ನದೆ ಮುರಿಯುತ್ತ ಕೂತಳು. "ರಾಜ ಕೊಟ್ರೆ ಹೆಸರು ಬದಲಾಗತ್ತೆ ಅಂದ್ಮೇಲೆ, ಸೋದರಮಾವ ದತ್ತು ತಗೊಂಡು ಧಾರೆ ಎರೆದ್ರೆ ಗೋತ್ರ ಬದಲಾಗಲ್ವೇನೇ? ನಮ್ಮತ್ತೆ ಕಡೆ ಒಂದು ಮದುವೆ ಹೀಗೇ ಆಗಿತ್ತು." ಆಮೇಲೆ ನನ್ನನ್ನು ದಾಟಿ ನೇರ ರಘುವಿನ ಕಡೆ ತಿರುಗಿದಳು. "ಸುಧಾಗೆ ಸೋದರಮಾವ ಇದಾನೇನೋ?"

ಇದ್ದರು. ಮೈಸೂರಿನಲ್ಲಿ ಅವರೇ ಧಾರೆ ಎರೆದರು.

ಇದು ನನ್ನ ನೆನಪು. ನೆನಪನ್ನು ನಾನು ಅಷ್ಟು ನಂಬುವವಳಲ್ಲ. ದಿನಚರಿ ತೆಗೆದರೆ "ಅಮ್ಮ ಒಪ್ಪಿದಳು. ಸೆಕೆ" ಎಂದಷ್ಟೇ ಇದೆ. ಹಾಗಾಗಿ ಮೊನ್ನೆ ಮೈಸೂರಿಗೆ, ರಘುವಿನ ಮನೆಗೆ ಫೋನ್ ಮಾಡಿ ಕೇಳಿದೆ.

"ಲೀ ಅಷ್ಟೆಲ್ಲ ಹೇಳ್ಲೇ ಇಲ್ಲ ಅಕ್ಕ. ಅರ್ಧ ಜನ ನಿನ್ನ ಎಂ.ಎ.ದವರು."

ನನಗೆ ಕಸಿವಿಸಿಯಾಯಿತು. ಅಮ್ಮನ ಒಪ್ಪಿಗೆ ನನ್ನ ಕಟ್ಟುಕತೆಯ ಮೇಲೆ ನಿಂತಿತ್ತೇ? ಅಷ್ಟರಲ್ಲಿ ಅಮ್ಮನೇ ಫೋನ್ ಕಿತ್ತುಕೊಂಡಳು.

"ಅವರು ನಾಲ್ಕು ಮಾತಾಡಿದ್ರು, ನೀನು ನಲವತ್ತು ಮಾಡ್ದೆ. ಅಷ್ಟು ಇಂಗ್ಲಿಷು ನಂಗೂ ಬರತ್ತೆ ಕಣೆ."

"ಮತ್ಯಾಕೆ ಒಪ್ಕೊಂಡೆ?"

"ಹುಟ್ಟಿದಾಗಿಂದ ಅವನ ಪರ ಒಂದು ಮಾತಾಡಿದೋಳಲ್ಲ ನೀನು. ಆವತ್ತು ಅವನಿಗೋಸ್ಕರ ರಾಜರನ್ನೆಲ್ಲ ಕರ್ಕೊಂಡು ಬಂದೆ. ಹುಡುಗಿ ಒಳ್ಳೆಯೋಳೇ ಇರ್ಬೇಕು ಅಂದ್ಕೊಂಡೆ."

ಹಿಂದಿನಿಂದ ಸುಧಾ ನಕ್ಕದ್ದು ಕೇಳಿಸಿತು. ಯಾವ ಲೀ ಚರಿತ್ರೆಯವನು, ಯಾವ ಲೀ ನನ್ನವನು ಎಂದು ಹುಡುಕುವುದನ್ನು ಅಲ್ಲಿಗೇ ಬಿಟ್ಟೆ.